ಕಾಕತಿಯಿಂದ ನಂದಗಡದವರೆಗೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ಕಿತ್ತೂರು ಚೆನ್ನಮ್ಮನವರ ಇಸವಿಗಳನ್ನಷ್ಟೇ ಬಾಯಿಪಾಠ ಮಾಡುತ್ತೇವೆ. ಅವುಗಳ ನಡುವೆ ಒಬ್ಬ ತಾಯಿಯ ಬದುಕಿದೆ.

ಬೆಳಗಾವಿ ಪಕ್ಕದ ಕಾಕತಿಯಲ್ಲಿ 1778ರಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ಕುದುರೆ ಸವಾರಿ, ಕತ್ತಿವರಸೆ ಕಲಿತರು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯವರ ಕೈಹಿಡಿದರು. 1816ರಲ್ಲಿ ಪತಿ ತೀರಿಕೊಂಡರು. ಹೆತ್ತ ಮಗನೂ ಉಳಿಯಲಿಲ್ಲ. 1824ರಲ್ಲಿ ಸವತಿಯ ಮಗ ಶಿವಲಿಂಗರುದ್ರಸರ್ಜನೂ ಹೋದ. ದತ್ತು ಬಂದ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಆ ಹುಡುಗನ ಹಕ್ಕಿಗಾಗಿ 46ರ ವಯಸ್ಸಿನಲ್ಲಿ ರಾಣಿ ಯುದ್ಧಕ್ಕೆ ನಿಂತರು. ಅಕ್ಟೋಬರ್ 23ರಂದು ಥ್ಯಾಕರೆ ಹತನಾದ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ರಾಣಿ ಕೊನೆಯುಸಿರೆಳೆದರು. ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣ 1831ರಲ್ಲಿ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿದರು.

ಒಂದು ಪರೀಕ್ಷೆ ಕೈಕೊಟ್ಟರೆ ಕುಸಿದು ಕೂರುವ ನಮಗೆ, ಇಷ್ಟೆಲ್ಲ ಕಳೆದುಕೊಂಡ ಮೇಲೂ ಎದ್ದು ನಿಂತ ಈ ತಾಯಿ ನೆನಪಿರಲಿ.