ಕಿವುಡುತನದಿಂದಲೇ ತ್ಸಿಯೋಲ್ಕೋವ್ಸ್ಕಿ ರಾಕೆಟ್ ವಿಜ್ಞಾನಿಯಾದರೇ?

ಒಂದು ಇಂದ್ರಿಯವನ್ನು ಕಿತ್ತುಕೊಂಡ ಪ್ರಕೃತಿ ಇನ್ನೊಂದನ್ನು ಚುರುಕುಗೊಳಿಸಿ ಲೆಕ್ಕ ಸರಿಮಾಡುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕಿವಿ ಕೇಳದ ಮಗುವಿನ ತಂದೆತಾಯಿಗೆ ಸಮಾಧಾನ ಹೇಳುವವರು ಇದನ್ನೇ ಹೇಳುತ್ತಾರೆ. ಉದಾಹರಣೆ ಕೊಡಲು ದೊಡ್ಡವರ ಹೆಸರುಗಳೂ ಸಿಗುತ್ತವೆ. ಅವುಗಳಲ್ಲಿ ಒಂದು ರಷ್ಯಾದ ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್ಸ್ಕಿ ಅವರದು. ಬಾಹ್ಯಾಕಾಶ ಯಾನದ ಗಣಿತಕ್ಕೆ ಅಡಿಪಾಯ ಹಾಕಿದ ಇವರಿಗೆ ಸುಮಾರು ಹತ್ತನೇ ವಯಸ್ಸಿನಿಂದ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆ ಸಮಾಧಾನದ ಮಾತು ಎಷ್ಟು ನಿಜ ಎಂದು ತಿಳಿಯಲು ಇವರ ಬಾಲ್ಯ ಮತ್ತು ಯೌವನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಕತ್ತಲೆಯ ವರ್ಷಗಳು

ಕಾನ್‌ಸ್ಟಾಂಟಿನ್ ಹುಟ್ಟಿದ್ದು 1857ರ ಸೆಪ್ಟೆಂಬರ್‌ನಲ್ಲಿ, ರ್ಯಾಜನ್ ಪ್ರಾಂತ್ಯದ ಇಝೆವ್‌ಸ್ಕೋಯೆ ಎಂಬ ಹಳ್ಳಿಯಲ್ಲಿ. ತಂದೆ ಅರಣ್ಯ ಇಲಾಖೆಯ ನೌಕರ. ತುಂಟ, ಲವಲವಿಕೆಯ ಹುಡುಗನಾಗಿದ್ದ ಅವನಿಗೆ ಸ್ಕಾರ್ಲೆಟ್ ಜ್ವರ ಬಂತು. ಬ್ಯಾಕ್ಟೀರಿಯಾದಿಂದ ಬರುವ ಈ ಜ್ವರದಲ್ಲಿ ಸೋಂಕು ಗಂಟಲಿನಿಂದ ಕಿವಿಯ ಒಳಭಾಗಕ್ಕೂ ಹರಡಬಹುದು. ಇಂದು ಆ್ಯಂಟಿಬಯೋಟಿಕ್‌ನಿಂದ ಗುಣವಾಗುವ ಕಾಯಿಲೆಗೆ ಆಗ ಮದ್ದಿರಲಿಲ್ಲ. ಜ್ವರ ಇಳಿಯಿತು, ಕೇಳುವ ಶಕ್ತಿಯ ಬಹುಪಾಲನ್ನು ಒಯ್ದಿತ್ತು.

ಕುಟುಂಬ ವ್ಯಾಟ್ಕಾ ಪಟ್ಟಣಕ್ಕೆ ಬಂದ ಮೇಲೆ 1869ರಲ್ಲಿ ಅವನನ್ನು ಶಾಲೆಗೆ ಸೇರಿಸಿದರು. ಮೇಷ್ಟರ ಮಾತು ಅವನಿಗೆ ಒಂದೋ ಕೇಳಿಸುತ್ತಲೇ ಇರಲಿಲ್ಲ, ಇಲ್ಲವೇ ಅಸ್ಪಷ್ಟ ಗದ್ದಲದಂತೆ ಕೇಳುತ್ತಿತ್ತು. ಒಂದು ತರಗತಿಯಲ್ಲಿ ಎರಡು ವರ್ಷ ಕೂರಬೇಕಾಯಿತು. ಜೊತೆಯ ಹುಡುಗರ ನಗೆಚಾಟಿಕೆ ಬೇರೆ. ಅಕ್ಷರ ಕಲಿಸಿದ್ದ ತಾಯಿ 1870ರಲ್ಲಿ ತೀರಿಕೊಂಡರು. 1873ರಲ್ಲಿ ಶಾಲೆಯೂ ಮುಗಿಯಿತು. ಮತ್ತೆ ಯಾವ ಶಾಲೆಯಲ್ಲೂ ಅವನು ಓದಲಿಲ್ಲ. ಹನ್ನೊಂದರಿಂದ ಹದಿನಾಲ್ಕನೇ ವಯಸ್ಸಿನವರೆಗಿನ ಕಾಲವನ್ನು ತ್ಸಿಯೋಲ್ಕೋವ್ಸ್ಕಿ ಮುಂದೆ ತಮ್ಮ ಬದುಕಿನ ಅತ್ಯಂತ ದುಃಖದ, ಕತ್ತಲೆಯ ಕಾಲವೆಂದು ಬರೆದುಕೊಂಡರು. ಏನಾಯಿತೆಂದು ನೆನಪಿಸಿಕೊಳ್ಳಲು ಹೋದರೂ ಏನೂ ನೆನಪಾಗುವುದಿಲ್ಲ ಎಂದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಹುಡುಗನ ಬುದ್ಧಿಗೆ ಏನೂ ಆಗಿರಲಿಲ್ಲ. ಪಾಠ ಅವನನ್ನು ತಲುಪುವ ದಾರಿ ಮುಚ್ಚಿತ್ತು, ಅಷ್ಟೆ. ಆದರೆ ದಾರಿ ಮುಚ್ಚಿದಾಗ ಮಗು ದಾರಿಯನ್ನು ದೂರುವುದಿಲ್ಲ, ತನ್ನನ್ನೇ ದಡ್ಡನೆಂದುಕೊಳ್ಳುತ್ತದೆ.

ಅಳತೆ ಸರಿಬಂದ ದಿನ

ಬದಲಾವಣೆ ಬಂದದ್ದು ಪುಸ್ತಕದಿಂದ. ತಂದೆಯ ಪುಸ್ತಕಗಳನ್ನು ಓದುತ್ತಾ ಹುಡುಗ ಕೋನ ಅಳೆಯುವ ಒಂದು ಉಪಕರಣವನ್ನು ತಾನೇ ಮಾಡಿಕೊಂಡ. ಮನೆಯಿಂದ ಹೊರಗೆ ಕಾಲಿಡದೆ, ಊರಿನ ಅಗ್ನಿಶಾಮಕ ಗೋಪುರ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಿದ. 400 ಅರ್ಶಿನ್ ಬಂತು, ಅಂದರೆ ಸುಮಾರು 284 ಮೀಟರ್. ಆಮೇಲೆ ಹೋಗಿ ಅಳೆದು ನೋಡಿದ. ಲೆಕ್ಕ ಸರಿಯಾಗಿತ್ತು. ಗಣಿತವನ್ನು ನಂಬಲು ಶುರುಮಾಡಿದ್ದು ಆ ಕ್ಷಣದಿಂದ ಎಂದು ಅವರು ಹೇಳಿಕೊಂಡಿದ್ದಾರೆ. ತನ್ನನ್ನು ನಂಬಲು ಶುರುಮಾಡಿದ್ದೂ ಆಗಲೇ ಇರಬೇಕು ಎಂದು ನಮಗೆ ಅನಿಸುತ್ತದೆ.

ಹದಿನಾರನೇ ವಯಸ್ಸಿಗೆ ತಂದೆ ಅವನನ್ನು ಮಾಸ್ಕೋಗೆ ಕಳಿಸಿದರು. ಅಲ್ಲಿ ಮೂರು ವರ್ಷ ಗ್ರಂಥಾಲಯವೇ ಅವನ ಕಾಲೇಜಾಯಿತು. ಊಟ ಎಂದರೆ ಕಪ್ಪು ಬ್ರೆಡ್ಡು, ನೀರು. ತಿಂಗಳಿಗೆ ಬ್ರೆಡ್ಡಿಗೆ 90 ಕೊಪೆಕ್, ಉಳಿದ ಹಣವೆಲ್ಲ ಪುಸ್ತಕಕ್ಕೆ, ಪ್ರಯೋಗಕ್ಕೆ. ಚೆರ್ಟ್‌ಕೋವ್ ಗ್ರಂಥಾಲಯದ ನಿಕೊಲಾಯ್ ಫ್ಯೊದೊರೊವ್ ಈ ಬಡ ಹುಡುಗನನ್ನು ಗುರುತಿಸಿ ಪುಸ್ತಕಗಳನ್ನು ಕೊಡುತ್ತಿದ್ದರು. ಮುದ್ರಿತ ಪುಟದ ಮುಂದೆ ಕೇಳುವವನೂ ಕೇಳದವನೂ ಸಮಾನರು.

1876ರಲ್ಲಿ ವ್ಯಾಟ್ಕಾಗೆ ಮರಳಿ ಮನೆಪಾಠ ಹೇಳತೊಡಗಿದರು. ಎದುರಿಗೆ ಒಬ್ಬನೇ ವಿದ್ಯಾರ್ಥಿ ಕೂತಾಗ ಕಿವಿಯ ತೊಡಕು ಚಿಕ್ಕದಾಗುತ್ತದೆ. 1879ರಲ್ಲಿ ಶಿಕ್ಷಕರ ಪರೀಕ್ಷೆ ಪಾಸಾದರು. ಮರುವರ್ಷ ಬೊರೋವ್‌ಸ್ಕ್‌ನಲ್ಲಿ, 1892ರಿಂದ ಕಲೂಗಾದಲ್ಲಿ, ಹೀಗೆ ಸುಮಾರು ನಾಲ್ಕು ದಶಕ ಮಕ್ಕಳಿಗೆ ಪಾಠ ಮಾಡಿದರು. ಮಾತು ಕೇಳಿಸಿಕೊಳ್ಳಲು ದೊಡ್ಡ ತಗಡಿನ ಕೊಳವೆಗಳನ್ನು ತಾವೇ ಮಾಡಿಕೊಂಡು ಕಿವಿಗೆ ಹಿಡಿಯುತ್ತಿದ್ದರು.

1903ರಲ್ಲಿ ಅವರ ಪ್ರಸಿದ್ಧ ಲೇಖನ ಪ್ರಕಟವಾಯಿತು. ರಾಕೆಟ್ ಎಷ್ಟು ವೇಗ ಪಡೆಯಬಲ್ಲದು ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ ಎಂದು ಅವರು ತೋರಿಸಿದರು: ಹಿಂದಕ್ಕೆ ಚಿಮ್ಮುವ ಅನಿಲದ ವೇಗ, ಮತ್ತು ಇಂಧನ ತುಂಬಿದಾಗಿನ ತೂಕ ಇಂಧನ ಮುಗಿದಾಗಿನ ತೂಕದ ಎಷ್ಟು ಪಟ್ಟು ಎಂಬುದು. ಇಸ್ರೊದ ಪಿಎಸ್‌ಎಲ್‌ವಿ ರಾಕೆಟ್ಟನ್ನು ನಾಲ್ಕು ಹಂತಗಳಲ್ಲಿ ಕಟ್ಟಿರುವುದರ ಹಿಂದೆಯೂ ಇದೇ ಲೆಕ್ಕವಿದೆ. 1935ರಲ್ಲಿ ಅವರು ಕಲೂಗಾದಲ್ಲಿ ತೀರಿಕೊಂಡರು.

ಹಾಗಾದರೆ ಕಿವುಡುತನ ವರವೇ?

ಕಿವುಡುತನವೇ ತಮ್ಮನ್ನು ಮುಂದಕ್ಕೆ ತಳ್ಳಿತು ಎಂದು ತ್ಸಿಯೋಲ್ಕೋವ್ಸ್ಕಿ ಸ್ವತಃ ಬರೆದಿದ್ದಾರೆ ನಿಜ. ಆದರೆ ಹೇಗೆ ತಳ್ಳಿತು ಎಂದೂ ಅವರೇ ಹೇಳಿದ್ದಾರೆ. ಅದು ಜನರಿಂದ ದೂರ ಮಾಡಿತು, ಅವಮಾನ ಮಾಡಿಸಿತು. ಏನಾದರೂ ದೊಡ್ಡದನ್ನು ಸಾಧಿಸಿ ಜನರ ಮೆಚ್ಚುಗೆ ಗಳಿಸಲೇಬೇಕು ಎಂಬ ಹಟ ಅದರಿಂದ ಹುಟ್ಟಿತು. ಅಂದರೆ ಬೇರೆ ಮಕ್ಕಳಿಗೆ ಸುಮ್ಮನೆ ಸಿಗುವ ಗೌರವವನ್ನು ಈ ಹುಡುಗ ದುಡಿದು ಸಂಪಾದಿಸಬೇಕಿತ್ತು. ಇನ್ನೊಂದು ಮಾತು: ಗೆದ್ದವರ ಜೀವನಚರಿತ್ರೆಯನ್ನು ಮಾತ್ರ ನಾವು ಓದುತ್ತೇವೆ. ಅವನಂತೆಯೇ ಶಾಲೆಯಿಂದ ಹೊರಬಿದ್ದು ಮತ್ತೆ ಮೇಲೇಳದ ಮಕ್ಕಳ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ.

ಕಿವಿ ಕೇಳದಿರುವುದೊಂದೇ ಹರೆಯದವರ ಆತ್ಮಗೌರವವನ್ನು ಕುಗ್ಗಿಸುವುದಿಲ್ಲ. ಮನೆಯಲ್ಲಿ ಮಾತುಕತೆಗೆ ಒಂದು ಭಾಷೆ ಇದೆಯೇ, ಗೆಳೆಯರಿದ್ದಾರೆಯೇ, ಗೇಲಿ ನಡೆಯುತ್ತದೆಯೇ ಎಂಬುದು ಬಹಳ ಮುಖ್ಯ. ಕಿವುಡ ಮಕ್ಕಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಹುಟ್ಟುವುದು ಕೇಳಬಲ್ಲ ತಂದೆತಾಯಿಗೆ. ಹಾಗಾಗಿ ಊಟದ ಹೊತ್ತಿನ ಹರಟೆಯಲ್ಲೂ ಮಗು ಒಂಟಿಯಾಗುವುದು ಸುಲಭ. ಆಮೇಲೆ ಹೇಳುತ್ತೇನೆ ಬಿಡು ಎಂದು ಸುಮ್ಮನಾಗಿಸುವುದು ಸಣ್ಣ ಮಾತಲ್ಲ.

ಮನೆಯಲ್ಲಿ ಅಂಥ ಮಗುವಿದ್ದರೆ ನಾವು ಮಾಡಬಹುದಾದದ್ದು ಬಹಳವಿದೆ. ಮುಖ ಕಾಣುವಂತೆ ಬೆಳಕಿನಲ್ಲಿ ಕೂತು ಮಾತಾಡೋಣ. ಕೇಳಿಸದ್ದನ್ನು ಬೇಸರವಿಲ್ಲದೆ ಮತ್ತೆ ಹೇಳೋಣ, ಬೇಕಾದರೆ ಬರೆದು ತೋರಿಸೋಣ. ಸಂಜ್ಞಾಭಾಷೆಯನ್ನು ಮಗುವಿನ ಜೊತೆ ನಾವೂ ಕಲಿಯೋಣ, ಅದೇ ಭಾಷೆಯ ಗೆಳೆಯರೂ ಹಿರಿಯರೂ ಸಿಗುವಂತೆ ಮಾಡೋಣ. ಸಂಶಯವಿದ್ದರೆ ಬೇಗ ಶ್ರವಣ ಪರೀಕ್ಷೆ ಮಾಡಿಸೋಣ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಇಂಥ ಕೆಲಸಕ್ಕೇ. ಮಗು ಮಂಕಾಗಿದ್ದರೆ, ಒಬ್ಬಂಟಿಯಾಗಿ ಉಳಿಯುತ್ತಿದ್ದರೆ ಅದನ್ನು ಕಿವಿಯ ತಲೆಗೆ ಕಟ್ಟದೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣೋಣ. ಆ ಮಗು ಮುಂದೆ ರಾಕೆಟ್ ವಿಜ್ಞಾನಿ ಆಗಲಿ, ಆಗದಿರಲಿ, ಇವೆಲ್ಲ ಅದಕ್ಕೆ ಸಿಗಬೇಕಾದವೇ.