ಶಾಲೆ ನೋಡಲು ಹೊರಟು ಶಾಸನ ಓದಿದ ಬಿ. ಎಲ್. ರೈಸ್

ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದವರನ್ನು ಕಂಡರೆ, ಇವರು ಎಲ್ಲಿಯೂ ನೆಲೆ ನಿಲ್ಲುವವರಲ್ಲ ಎಂದು ನಾವು ಬೇಗನೆ ತೀರ್ಮಾನಿಸಿ ಬಿಡುತ್ತೇವೆ. ಮದುವೆ ಮಾತುಕತೆಯಲ್ಲೂ, ಕೆಲಸದ ಸಂದರ್ಶನದಲ್ಲೂ ಈ ಮಾತು ಬರುತ್ತದೆ. ಹಾಗೆ ತೀರ್ಮಾನಿಸುವ ಮುನ್ನ ಬೆಂಜಮಿನ್ ಲೂಯಿಸ್ ರೈಸ್ ಅವರ ಜೀವನವನ್ನು ಒಮ್ಮೆ ನೋಡುವುದು ಒಳ್ಳೆಯದು.

ನಿಘಂಟು ರಚಿಸಿದ ಕಿಟೆಲ್ ಅವರು ಕರಾವಳಿಯ ನಮಗೆ ಚಿರಪರಿಚಿತರು. ರೈಸ್ ಅವರ ಹೆಸರು ಇಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಘಟ್ಟದ ಮೇಲೆ, ಅದರಲ್ಲೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಚರಿತ್ರೆ ಬರೆಯಲು ಕುಳಿತವರು ಮಾತ್ರ ಇವರ ಗ್ರಂಥಗಳನ್ನು ತೆರೆಯದೆ ಮುಂದೆ ಹೋಗುವಂತಿಲ್ಲ.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿದ ಮಗ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಹಿಂದಿರುಗಿದರು. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜಾಯಿತು. ಐದು ವರ್ಷಗಳ ನಂತರ ಅವರು ಮೈಸೂರು ಮತ್ತು ಕೊಡಗಿನ ಶಾಲಾ ಇನ್‌ಸ್ಪೆಕ್ಟರರಾದರು. ಪ್ರತಿ ಹೋಬಳಿಗೂ ಒಂದು ಶಾಲೆ ಇರಬೇಕೆಂಬ ಯೋಜನೆಯನ್ನು 1868ರಲ್ಲಿ ಸರಕಾರದ ಮುಂದಿಟ್ಟವರೂ ಅವರೇ. ಹಳ್ಳಿಯ ಮಕ್ಕಳಿಗೆ ಕನ್ನಡದಲ್ಲಿ ಓದು ಬರಹ ಕಲಿಸುವುದು ಅದರ ಉದ್ದೇಶವಾಗಿತ್ತು.

ಶಾಲೆಗಳ ತಪಾಸಣೆ ಎಂದರೆ ಊರೂರು ಸುತ್ತುವುದು. ಹಾಗೆ ಸುತ್ತುವಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದಿಯಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಅದೇ ಹೊತ್ತಿಗೆ, ಮೇಜರ್ ಡಿಕ್ಸನ್ 1865ರಲ್ಲಿ ತೆಗೆದಿದ್ದ ಶಾಸನಗಳ ಫೋಟೋಗಳನ್ನು ಓದಿ ಅನುವಾದಿಸುವ ಹೊಣೆಯನ್ನು ಸರಕಾರ ರೈಸ್ ಅವರಿಗೆ ವಹಿಸಿತು. ಅವರು ಪುರಾತತ್ವ ಕಲಿತವರಲ್ಲ, ಶಿಕ್ಷಕರು. ಆದರೂ ಪಂಡಿತರ ನೆರವಿನಿಂದ ಹಳಗನ್ನಡವನ್ನು ಕಲಿತರು. ಆ ಶ್ರಮದ ಫಲವಾಗಿ 1879ರಲ್ಲಿ ಮೈಸೂರು ಶಾಸನಗಳ ಮೊದಲ ಸಂಗ್ರಹ ಹೊರಬಂತು.

ಈ ನಡುವೆ ಇನ್ನೊಂದು ಕೆಲಸವೂ ಅವರ ಹೆಗಲೇರಿತು. ಅದು ಗೆಜೆಟಿಯರ್. ನದಿ, ಬೆಟ್ಟ, ಮಣ್ಣು, ಬೆಳೆ, ಜಾತಿ, ಕಂದಾಯ, ಹಳೆಯ ಅರಸರು ಎಲ್ಲವನ್ನೂ ಒಂದೆಡೆ ತರುವ ಕೆಲಸ. 1876-77ರಲ್ಲಿ ಪ್ರಕಟವಾದ ಈ ಗ್ರಂಥದ ಎರಡನೆಯ ಸಂಪುಟ ಜಿಲ್ಲೆಗಳಿಗೆ ಮೀಸಲು. ಹೊಸದುರ್ಗ ಮತ್ತು ಹಿರಿಯೂರು ಸೀಮೆಗಳಲ್ಲಿ ಹರಿಯುವ ವೇದಾವತಿ, ಚಿತ್ರದುರ್ಗದ ಕೋಟೆ, ಪಾಳೆಯಗಾರರ ಕಥೆ ಎಲ್ಲಕ್ಕೂ ಅಲ್ಲಿ ಜಾಗವಿದೆ. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಕಾರ್ಯದರ್ಶಿಯಾಗಿಯೂ ರೈಸ್ ದುಡಿದರು.

ಮೈಸೂರು ಸರಕಾರ 1885ರಲ್ಲಿ ಪುರಾತತ್ವ ಇಲಾಖೆ ತೆರೆದಾಗ ಅದರ ಹೊಣೆ ಅವರಿಗೇ ಬಂತು. ಆಗ ಅವರಿಗೆ ವಯಸ್ಸು ನಲವತ್ತೆಂಟರ ಆಸುಪಾಸು. ಅನೇಕರು ನಿವೃತ್ತಿಯ ಲೆಕ್ಕ ಹಾಕುವ ಪ್ರಾಯದಲ್ಲಿ ಅವರ ಅತಿ ದೊಡ್ಡ ಕೆಲಸ ಆರಂಭವಾಯಿತು. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಮಾಲೆಯ 12 ಸಂಪುಟಗಳಲ್ಲಿ 8,800ಕ್ಕೂ ಹೆಚ್ಚು ಶಾಸನಗಳನ್ನು ಅವರು ಪ್ರಕಟಿಸಿದರು. ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಚಿತ್ರದುರ್ಗಕ್ಕೆ ಹಿಂದೆ ಬೆಮ್ಮತ್ತನಕಲ್ಲು ಎಂಬ ಹೆಸರಿತ್ತೆಂದು ನಾವು ತಿಳಿದಿರುವುದು ಇಂಥ ಕಲ್ಲುಗಳಿಂದಲೇ.

1892ರಲ್ಲಿ ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ರೈಸ್ ಅಶೋಕನ ಶಾಸನಗಳನ್ನು ಗುರುತಿಸಿದರು. ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಅದರ ಮೇಲೆ ಅಕ್ಷರವಿದೆ ಎಂದು ಜನರಿಗೆ ಗೊತ್ತಿತ್ತು, ಓದುವವರು ಇರಲಿಲ್ಲ. ಮೌರ್ಯರ ಆಡಳಿತ ಕನ್ನಡ ನೆಲದವರೆಗೂ ಹಬ್ಬಿತ್ತೆಂಬುದಕ್ಕೆ ಆ ಬಂಡೆಯೇ ಸಾಕ್ಷಿಯಾಯಿತು.

ಹಾಗೆಂದು ಅವರ ಎಲ್ಲ ತೀರ್ಮಾನಗಳೂ ಉಳಿದುಕೊಂಡಿವೆ ಎನ್ನಲಾಗದು. ಗಂಗರ ತಾಮ್ರಪಟಗಳ ವಿಷಯದಲ್ಲಿ ವಿದ್ವಾಂಸ ಫ್ಲೀಟ್ ಅವರೊಡನೆ ದೀರ್ಘ ವಾದ ನಡೆಯಿತು. ಅನೇಕ ಪಾಠಗಳನ್ನು ಮುಂದಿನವರು ತಿದ್ದಿದರು. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯ ಸಂಪುಟಗಳನ್ನು ಪರಿಷ್ಕರಿಸಿ ಪ್ರಕಟಿಸತೊಡಗಿತು. ಹಲವು ಕ್ಷೇತ್ರ ಸುತ್ತಿದವರಿಗೆ ಒಂದೇ ಕ್ಷೇತ್ರದಲ್ಲಿ ಮುಳುಗಿದವರ ಸೂಕ್ಷ್ಮ ಕೆಲವೊಮ್ಮೆ ಒದಗದಿರಬಹುದು. ಆದರೆ ತಿದ್ದುವವರಿಗೆ ತಿದ್ದಲು ಏನಾದರೂ ಇರಬೇಕಲ್ಲವೇ? ಆ ಬುನಾದಿ ಹಾಕಿದವರು ರೈಸ್.

ಅವರು 1906ರಲ್ಲಿ ನಿವೃತ್ತರಾದರು. ಆ ಸ್ಥಾನಕ್ಕೆ ಕನ್ನಡ ವಿದ್ವಾಂಸ ಆರ್. ನರಸಿಂಹಾಚಾರ್ ಬಂದರು. ಇಂಗ್ಲೆಂಡಿಗೆ ಹೋದ ಮೇಲೂ ರೈಸ್ ಬರವಣಿಗೆ ನಿಲ್ಲಿಸಲಿಲ್ಲ. ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು 1909ರಲ್ಲಿ ಹೊರತಂದರು. 1927ರಲ್ಲಿ ಅಲ್ಲಿಯೇ ತೀರಿಕೊಂಡರು.

ರೈಸ್ ಬೇರೆ ಬೇರೆ ಕೆಲಸ ಮಾಡಿದರು ಎಂಬುದಷ್ಟೇ ಇಲ್ಲಿ ಮುಖ್ಯವಲ್ಲ. ಶಾಲೆಯ ಕೆಲಸ ಅವರಿಗೆ ಭಾಷೆಯನ್ನೂ ಹಳ್ಳಿಗಳ ದಾರಿಯನ್ನೂ ಕೊಟ್ಟಿತು. ಗೆಜೆಟಿಯರ್ ಇಡೀ ನಾಡಿನ ಚಿತ್ರ ಕೊಟ್ಟಿತು. ಇವೆರಡೂ ಸೇರಿ ಕಲ್ಲನ್ನು ಓದಿಸಿದವು. ಹಿಂದಿನದನ್ನು ಕಳಚಿಟ್ಟು ಹೋಗಿದ್ದರೆ ಅದು ಬರೀ ಅಲೆದಾಟವಾಗುತ್ತಿತ್ತು. ಅವರು ಅದನ್ನು ಜೊತೆಗೇ ಒಯ್ದರು.

ನಮ್ಮ ಧರ್ಮಕೇಂದ್ರಗಳಲ್ಲೂ ಗಲ್ಫಿನಲ್ಲಿ ಲೆಕ್ಕ ಬರೆದು ಬಂದವರು, ನರ್ಸ್ ಆಗಿದ್ದವರು, ಬಸ್ ಓಡಿಸಿದವರು, ಕೃಷಿಗೆ ಮರಳಿದವರು ಇದ್ದಾರೆ. ಮುಂದಿನ ಸಲ ಯಾವುದಾದರೂ ಸಮಿತಿಗೆ ಹೆಸರು ಹುಡುಕುವಾಗ, ಅವರು ಎಷ್ಟು ಕೆಲಸ ಬಿಟ್ಟರು ಎಂದು ಎಣಿಸುವ ಬದಲು ಪ್ರತಿ ಕೆಲಸದಿಂದ ಏನು ಹೊತ್ತು ತಂದರು ಎಂದು ಕೇಳೋಣ.