ಸಸ್ಯಶಾಸ್ತ್ರ ವಿದುಷಿ ಡಾಕ್ಟರ್ ಜಾನಕಿ ಅಮ್ಮಾಳ್

ಹೆಣ್ಣುಮಕ್ಕಳಿಗೆ ಕೊಟ್ಟ ವಿದ್ಯೆಯು ಲೋಕದಲ್ಲಿ ಎಷ್ಟು ದೂರದವರೆಗೆ ಫಲಿಸಬಲ್ಲದೆಂಬುದಕ್ಕೆ ದೃಷ್ಟಾಂತವನ್ನು ಬಯಸುವವರು ಡಾಕ್ಟರ್ ಇ. ಕೆ. ಜಾನಕಿ ಅಮ್ಮಾಳ್ ಎಂಬಾಕೆಯ ಚರಿತ್ರೆಯನ್ನು ಓದಬೇಕು. ಆಕೆಯು ನಮ್ಮ ಶಾಲೆಯವಳಲ್ಲ, ನಮ್ಮ ಮತದವಳೂ ಅಲ್ಲ. ಆದರೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ಆಕೆಯ ಜೀವಿತವು ಬೋಧಪ್ರದವೆಂದೆಣಿಸಿ ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಜಾನಕಿಯು 1897ನೆಯ ಇಸವಿ ನವೆಂಬರ್ 4ನೆಯ ತಾರೀಖು ಮಲಬಾರಿನ ತಲಚೇರಿಯಲ್ಲಿ ಜನಿಸಿದಳು. ತಂದೆಯವರು ಸಬ್ ಜಡ್ಜರಾಗಿದ್ದು, ಗಿಡಮರಗಳಲ್ಲಿಯೂ ಪಕ್ಷಿಗಳಲ್ಲಿಯೂ ಬಹಳ ಆಸಕ್ತಿಯುಳ್ಳವರಾಗಿದ್ದರು. ಆ ದೊಡ್ಡ ಸಂಸಾರದ ಹೆಣ್ಣುಮಕ್ಕಳು ಮದುವೆಯಾಗಿ ಹೋಗುತ್ತಿದ್ದಾಗ ಈಕೆಯು ವಿದ್ಯೆಯ ದಾರಿಯನ್ನು ಹಿಡಿದಳು; ಜೀವಮಾನವೆಲ್ಲ ಅವಿವಾಹಿತೆಯಾಗಿಯೇ ಉಳಿದಳು. ತಲಚೇರಿಯ ಕಾನ್ವೆಂಟ್ ಶಾಲೆಯಲ್ಲಿಯೂ, ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿಯೂ ಓದಿ, 1921ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಸಸ್ಯಶಾಸ್ತ್ರದ ಆನರ್ಸ್ ಪದವಿಯನ್ನು ಪಡೆದಳು. ತರುವಾಯ ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಉಪಾಧ್ಯಾಯಿನಿಯಾದಳು. ಏಷ್ಯಾ ಖಂಡದ ಸ್ತ್ರೀಯರಿಗೆಂದೇ ಏರ್ಪಟ್ಟಿದ್ದ ಬಾರ್ಬರ್ ವಿದ್ಯಾರ್ಥಿವೇತನವು ದೊರೆಯಲು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, 1931ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದಳು.

ಆಕೆಯ ಶಾಸ್ತ್ರವಾವುದೆಂಬುದನ್ನು ತುಸು ವಿವರಿಸುವೆವು. ಸಸ್ಯದ ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿ ಕ್ರೋಮೊಸೋಮುಗಳೆಂಬ ಅತಿಸೂಕ್ಷ್ಮ ತಂತುಗಳಿವೆ. ತಾಯಿಗಿಡದ ಗುಣಗಳು ಮರಿಗಿಡಕ್ಕೆ ಬರುವುದು ಇವುಗಳ ಮೂಲಕವೇ. ಬೇರಿನ ತುದಿಯನ್ನು ಕತ್ತರಿಸಿ, ಬಣ್ಣವೂಡಿಸಿ, ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ಅವುಗಳನ್ನು ಒಂದೊಂದಾಗಿ ಎಣಿಸಬೇಕು. ಕಣ್ಣಿಗೂ ತಾಳ್ಮೆಗೂ ಇದು ಕಠಿನ ಪರೀಕ್ಷೆ.

1934ರಲ್ಲಿ ಆಕೆಯು ಕೊಯಮತ್ತೂರಿನ ಕಬ್ಬಿನ ತಳಿಸಂಶೋಧನಾಲಯವನ್ನು ಸೇರಿದಳು. ದಪ್ಪನೆಯ ಸಿಹಿಕಬ್ಬಿನಲ್ಲಿ 80 ಕ್ರೋಮೊಸೋಮುಗಳಿವೆ. ನದೀತೀರದ ಕಾಡುಕಬ್ಬಿನಲ್ಲಾದರೋ ಪ್ರದೇಶಕ್ಕೆ ತಕ್ಕಂತೆ 40ರಿಂದ 128ರವರೆಗೆ ಇರುವುವು. ಇವೆರಡರ ಸಂಕರದಿಂದಲೇ ನಮ್ಮ ದೇಶದ ಹವೆಗೆ ಒಗ್ಗುವ ಕಬ್ಬು ಹುಟ್ಟಬೇಕಾಗಿದ್ದುದರಿಂದ ಈ ಎಣಿಕೆಯು ಬೇಸಾಯಗಾರನಿಗೂ ಪ್ರಯೋಜನಕರವಾಯಿತು. 1935ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಆಕೆಯನ್ನು ಸದಸ್ಯೆಯನ್ನಾಗಿ ಆರಿಸಿತು. ಆದರೂ ಸ್ತ್ರೀಯೆಂಬ, ಹಿಂದುಳಿದ ಜಾತಿಯವಳೆಂಬ ಕಾರಣಗಳಿಂದ ಸಹೋದ್ಯೋಗಿಗಳ ನಡುವೆ ಆಕೆಯ ದಾರಿಯು ಸುಗಮವಾಗಿರಲಿಲ್ಲವೆಂದು ಚರಿತ್ರಕಾರರು ಬರೆದಿದ್ದಾರೆ.

1940ರಿಂದ 1945ರವರೆಗೆ ಆಕೆಯು ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯಲ್ಲಿ ದುಡಿದಳು. ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದ ಆ ಯುದ್ಧಕಾಲದಲ್ಲಿಯೂ ಕೈಹಿಡಿದ ಕೆಲಸವನ್ನು ಬಿಡಲಿಲ್ಲ. ಸಿ. ಡಿ. ಡಾರ್ಲಿಂಗ್ಟನ್ ಅವರೊಡನೆ ರಚಿಸಿದ ಬೇಸಾಯಸಸ್ಯಗಳ ಕ್ರೋಮೊಸೋಮ್ ಕೋಶವು 1945ರಲ್ಲಿ ಪ್ರಕಟವಾಯಿತು. ಬಳಿಕ ವಿಸ್ಲಿ ಉದ್ಯಾನದಲ್ಲಿ ಕೆಲಸಮಾಡಿದಳು. ಅಲ್ಲಿ ಬೆಳೆಸಿದ ಮ್ಯಾಗ್ನೋಲಿಯಾ ಹೂವಿನ ಒಂದು ತಳಿಗೆ ಆಕೆಯ ಹೆಸರನ್ನೇ ಇಟ್ಟಿದ್ದಾರೆ. 1951ರಲ್ಲಿ ಪ್ರಧಾನಮಂತ್ರಿ ನೆಹರೂರವರ ಕರೆಯಂತೆ ಸ್ವದೇಶಕ್ಕೆ ಮರಳಿ, ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪುನರ್ರಚನೆಯ ಭಾರವನ್ನು ಹೊತ್ತಳು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಎಂಬತ್ತರ ವೃದ್ಧಾಪ್ಯದಲ್ಲಿಯೂ, ಅಣೆಕಟ್ಟಿನಿಂದ ಮುಳುಗಲಿದ್ದ ಕೇರಳದ ಸೈಲೆಂಟ್ ವ್ಯಾಲಿಯ ಕಾಡಿನ ಪರವಾಗಿ ನಿಂತಳು. 1984ನೆಯ ಫೆಬ್ರವರಿ 7ರಂದು ಮದ್ರಾಸಿನ ಸಮೀಪದಲ್ಲಿ ಆಕೆಯು ಕಾಲವಾದಳು. ಅದೇ ವರ್ಷ ನವೆಂಬರಿನಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವೆನಿಸಿತು.

ಆಕೆಯು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ, 1983ರಲ್ಲಿ, ಡೇವಿಡ್ ಗಾಲ್‌ಬ್ರೇತ್ ಎಂಬ ವಿದ್ವಾಂಸರೂ ಸಂಗಡಿಗರೂ ಒಂದು ಸುಲಭೋಪಾಯವನ್ನು ಪ್ರಕಟಿಸಿದರು. ಹಸಿ ಎಲೆಯನ್ನು ದ್ರವದಲ್ಲಿ ಕ್ಷೌರದ ಬ್ಲೇಡಿನಿಂದ ಕೊಚ್ಚಿದರೆ ಕೋಶಕೇಂದ್ರಗಳು ಹೊರಬೀಳುವುವು. ಅವನ್ನು ಸೋಸಿ, ಡಿ.ಎನ್.ಎ.ಗೆ ಅಂಟುವ ಬಣ್ಣವನ್ನು ಬೆರೆಸಿ, ಬೆಳಕಿನ ಕಿರಣದ ಮುಂದೆ ಸಾಲಾಗಿ ಹರಿಯಿಸಬೇಕು. ಪ್ರತಿಯೊಂದು ಕೇಂದ್ರವೂ ತನ್ನಲ್ಲಿರುವ ಡಿ.ಎನ್.ಎ.ಯ ಪ್ರಮಾಣಕ್ಕೆ ತಕ್ಕಷ್ಟು ಹೊಳೆಯುವುದು. ಪ್ರಮಾಣವು ಮೊದಲೇ ತಿಳಿದಿರುವ ಬಟಾಣಿಯಂಥ ಗಿಡದೊಡನೆ ಹೋಲಿಸಿದರೆ, ಸಾವಿರಾರು ಕೇಂದ್ರಗಳ ಲೆಕ್ಕವು ಕೆಲವೇ ನಿಮಿಷಗಳಲ್ಲಿ ದೊರೆಯುವುದು. ಇದಕ್ಕೆ ಫ್ಲೋ ಸೈಟೊಮೆಟ್ರಿ ಎಂದು ಹೆಸರು.

ಹಾಗಾದರೆ ಜಾನಕಿಯ ದುಡಿಮೆಯು ವ್ಯರ್ಥವಾಯಿತೇ? ಇಲ್ಲವೆಂದು ನಾವು ದೃಢವಾಗಿ ಹೇಳುವೆವು. ಈ ಯಂತ್ರವು ಡಿ.ಎನ್.ಎ.ಯನ್ನು ಅಳೆಯುವುದೇ ಹೊರತು ಕ್ರೋಮೊಸೋಮುಗಳನ್ನು ಎಣಿಸಲಾರದು. ಒಂದು ಜಾತಿಯಲ್ಲಿ ಯಾವ ಹೊಳಪಿಗೆ ಎಷ್ಟು ಕ್ರೋಮೊಸೋಮುಗಳೆಂದು ನಿಶ್ಚಯಿಸಲು, ಕಣ್ಣಾರೆ ಎಣಿಸಿದ ಒಂದು ಗಿಡವಾದರೂ ಆಧಾರವಾಗಿರಬೇಕು.

ಕರ್ತನ ಸಾಮ್ಯದಲ್ಲಿನ ಆಳು ತನಗೆ ಒಪ್ಪಿಸಿದ ತಲಾಂತನ್ನು ನೆಲದಲ್ಲಿ ಹೂಳಿಟ್ಟ ಸಂಗತಿಯನ್ನು ನಮ್ಮ ವಾಚಕರು ಬಲ್ಲರು. ಮಗಳ ಓದನ್ನು ನಡುವೆ ನಿಲ್ಲಿಸಲು ಯೋಚಿಸುವ ತಾಯ್ತಂದೆಗಳು, ತಲಚೇರಿಯ ಒಂದು ಮನೆಯವರು ಹಾಗೆ ಹೂಳಿಡಲಿಲ್ಲವೆಂಬುದನ್ನು ನೆನೆಯಲೆಂದು ನಮ್ಮ ವಿಜ್ಞಾಪನೆ.